ಪ್ಯಾಟರ್ಸನ್ ಟ್ಯಾಂಕಿನಲ್ಲಿ ಸೂಪರ್ 8 ರೀಲು: ಕೋಲಾರದ ನೀರಿಗೆ ಒಗ್ಗುತ್ತದೆಯೇ?

ಪ್ಯಾಟರ್ಸನ್ ಡೆವಲಪಿಂಗ್ ಟ್ಯಾಂಕ್, ಅಂದರೆ ಫಿಲ್ಮನ್ನು ಕೆಮಿಕಲ್‌ನಲ್ಲಿ ತೊಳೆದು ಚಿತ್ರ ಮೂಡಿಸುವ, ಬೆಳಕು ನುಗ್ಗದ ಡಬ್ಬಿ, ಇರುವುದು ಸ್ಟಿಲ್ ಕ್ಯಾಮೆರಾದ ರೋಲುಗಳಿಗೆ. ಮೂರು 35 ಎಂ.ಎಂ. ರೋಲು ಹಿಡಿಸುವ ಅದರ ಟ್ಯಾಂಕಿನಲ್ಲಿ ಸೂಪರ್ 8 ಮೂವಿ ಫಿಲ್ಮನ್ನೂ ತೊಳೆಯಬಹುದು. ಆದರೆ ಕಪ್ಪು-ಬಿಳುಪು ಫಿಲ್ಮಿಗೆ ಮಾತ್ರ ಇದನ್ನು ಒಪ್ಪಬಹುದು. ಮದುವೆ, ನಾಮಕರಣದಂಥ ಮತ್ತೆ ಸಿಗದ ದೃಶ್ಯಗಳಿರುವ ರೀಲನ್ನು ದಯವಿಟ್ಟು ಇದಕ್ಕೆ ಹಾಕಬೇಡಿ. ಕಲಿಯಲು, ಪ್ರಯೋಗಕ್ಕೆ, ಊರಿನ ಸಂತೆ ಜಾತ್ರೆಗಳ ಚಿತ್ರಕ್ಕೆ ಇದು ಒಳ್ಳೆಯ ಸಾಧನ.

ಇಲ್ಲಿ ಹೇಳುವುದೆಲ್ಲ ಕೊಡ್ಯಾಕ್ ಟ್ರೈ-ಎಕ್ಸ್ ರಿವರ್ಸಲ್ 7266 ಎಂಬ ಕಪ್ಪು-ಬಿಳುಪು ಫಿಲ್ಮಿಗೆ ಸಂಬಂಧಿಸಿದ್ದು. ರಿವರ್ಸಲ್ ಅಂದರೆ ತೊಳೆದಾಗ ನೆಗೆಟಿವ್ ಅಲ್ಲದೆ, ನೇರವಾಗಿ ಪರದೆಗೆ ಹಾಕಬಹುದಾದ ಚಿತ್ರವೇ ಬರುವ ಫಿಲ್ಮ್. ಒಂದು ಕಾರ್ಟ್ರಿಜ್‌ನಲ್ಲಿ 50 ಅಡಿ, ಅಂದರೆ 15 ಮೀಟರ್ ಫಿಲ್ಮ್, ಅದರಲ್ಲಿ 3600 ಫ್ರೇಮು. ಸೆಕೆಂಡಿಗೆ 18 ಫ್ರೇಮಿನಂತೆ ಓಡಿಸಿದರೆ 3 ನಿಮಿಷ 20 ಸೆಕೆಂಡು. ವಿಸ್ತೀರ್ಣದಲ್ಲಿ ಇದು 36 ಫೋಟೋದ ಎರಡು ರೋಲಿಗಿಂತ ಸ್ವಲ್ಪ ಜಾಸ್ತಿ. ಹಾಗಾಗಿ ಚಿಕ್ಕ ಟ್ಯಾಂಕಿನಲ್ಲಿ ಕೆಮಿಕಲ್ ಉಳಿಸಲು ಹೋಗಬೇಡಿ. ಒಂದು ಲೀಟರ್ ದ್ರಾವಣ ಹಿಡಿಸುವ ದೊಡ್ಡ ಟ್ಯಾಂಕೇ ಬೇಕು.

ಟ್ಯಾಂಕಿನ ಜೊತೆ ಬರುವ, ಫಿಲ್ಮ್ ಸುತ್ತುವ ಸ್ಪೈರಲ್‌ಗಳಿಗೆ 8 ಎಂ.ಎಂ. ಅಗಲದ ಫಿಲ್ಮ್ ಕೂರುವುದಿಲ್ಲ. ಅವನ್ನು ತೆಗೆದಿಟ್ಟು ಫಿಲ್ಮನ್ನು ಸಡಿಲವಾಗಿ ಒಳಗೆ ಬಿಡಬೇಕು. ನಡುವಿನ ಕಪ್ಪು ಕೊಳವೆಯನ್ನು ಮಾತ್ರ ಎಂದೂ ತೆಗೆಯಬಾರದು. ಮುಚ್ಚಳದ ಆಲಿಕೆ ಕೂರುವುದು ಅದರ ಮೇಲೆ. ಅದಿಲ್ಲದಿದ್ದರೆ ಬೆಳಕು ನೇರವಾಗಿ ಒಳಗಿಳಿದು ಇಡೀ ರೀಲು ಹಾಳಾಗುತ್ತದೆ.

ಕಾರ್ಟ್ರಿಜ್‌ನಿಂದ ಫಿಲ್ಮನ್ನು ಹಿಂದಕ್ಕೆ ಎಳೆಯಲು ಬರುವುದಿಲ್ಲ, ಒಳಗೆ ತಡೆ ಇದೆ. ಪೂರ್ತಿ ಕತ್ತಲಲ್ಲಿ ಅಂಚಿನ ಜೋಡಣೆಗೆ ಸ್ಕ್ರೂಡ್ರೈವರ್ ತೂರಿಸಿ ಒಡೆದು, ಸುತ್ತಿಕೊಂಡ ಫಿಲ್ಮನ್ನು ಹೊರತೆಗೆಯಿರಿ. ಆಮೇಲೆ ಟ್ಯಾಂಕಿಗೆ ತುಂಬುವುದರಲ್ಲೇ ಅರ್ಧ ಫಲಿತಾಂಶ ತೀರ್ಮಾನವಾಗುತ್ತದೆ. ಒತ್ತು ಶಾವಿಗೆ ಒರಳಿನಿಂದ ತಟ್ಟೆಗೆ ಬೀಳುತ್ತದಲ್ಲ, ಹಾಗೆ ಸುರುಳಿ ಸುರುಳಿಯಾಗಿ ಕೊಳವೆಯ ಸುತ್ತ ಬಿಡಿ. ಒತ್ತಿ ತುಂಬಬೇಡಿ. ಫೆಬ್ರವರಿ-ಮಾರ್ಚ್‌ನ ಒಣ ಹವೆಯಲ್ಲಿ ಜೋರಾಗಿ ಎಳೆದರೆ ಸ್ಟ್ಯಾಟಿಕ್ ಕಿಡಿ ಹಾರಿ ಫಿಲ್ಮಿನ ಮೇಲೆ ಗೆರೆ ಮೂಡುತ್ತದೆ, ಕೈ ನಿಧಾನವಿರಲಿ.

ಫಿಲ್ಮಿನ ಒಂದು ಸುತ್ತು ಇನ್ನೊಂದಕ್ಕೆ ಅಂಟಿದ ಕಡೆ ಡೆವಲಪರ್, ಅಂದರೆ ಚಿತ್ರ ಮೂಡಿಸುವ ದ್ರಾವಣ, ತಲುಪುವುದಿಲ್ಲ, ರಿವರ್ಸಲ್‌ನಲ್ಲಿ ಆ ಜಾಗ ಕಪ್ಪು ತೇಪೆಯಾಗಿ ಉಳಿಯುತ್ತದೆ. ಅದಕ್ಕೇ ಮೊದಲು ಎರಡು ನಿಮಿಷ ಬರೀ ನೀರಿನಲ್ಲಿ ನೆನೆಸಿ, ಟ್ಯಾಂಕನ್ನು ನೆಲಕ್ಕೆ ಮೆಲ್ಲಗೆ ತಟ್ಟಿ ಗುಳ್ಳೆ ಬಿಡಿಸಿ. ತಿರುಗಿಸುವ ಕಡ್ಡಿ ಇಲ್ಲಿ ಕೆಲಸಕ್ಕೆ ಬಾರದು, ಸ್ಪೈರಲ್ ಇಲ್ಲದ ಕಾರಣ ಕೊಳವೆಯಷ್ಟೇ ತಿರುಗುತ್ತದೆ. ಮೇಲಿನ ಮೆತ್ತನೆಯ ಮುಚ್ಚಳ ಹಾಕಿ, ಟ್ಯಾಂಕನ್ನು ಬಿಡದೆ ಮೆಲ್ಲಗೆ ತಲೆಕೆಳಗು ಮಾಡುತ್ತಿರಬೇಕು.

ರಿವರ್ಸಲ್‌ನಲ್ಲಿ ಡೆವಲಪರ್ ಎರಡು ಸಲ. ಮೊದಲ ಡೆವಲಪರ್‌ಗೆ ಕೊಡ್ಯಾಕ್‌ನ ಡಿ-19 ಸೂತ್ರ ಸಾಕು. ಒಂದು ಲೀಟರಿಗೆ ಮೆಟಾಲ್ 2 ಗ್ರಾಂ, ಸೋಡಿಯಂ ಸಲ್ಫೈಟ್ 90, ಹೈಡ್ರೋಕ್ವಿನೋನ್ 8, ಸೋಡಿಯಂ ಕಾರ್ಬೊನೇಟ್ ಮೊನೊಹೈಡ್ರೇಟ್ 52.5, ಪೊಟ್ಯಾಸಿಯಂ ಬ್ರೋಮೈಡ್ 5. 20 ಡಿಗ್ರಿಯಲ್ಲಿ 8 ನಿಮಿಷದಿಂದ ಶುರುಮಾಡಿ, ಒಂದು ಅಡಿ ತುಂಡಿನಲ್ಲಿ ಪರೀಕ್ಷಿಸಿ. ಸ್ಟಿಲ್ ನೆಗೆಟಿವ್ ತೊಳೆದು ಅಭ್ಯಾಸವಾದವರು ತಪ್ಪುವುದು ಇಲ್ಲೇ. ರಿವರ್ಸಲ್‌ನಲ್ಲಿ ಲೆಕ್ಕ ಉಲ್ಟಾ: ಮೊದಲ ಡೆವಲಪರ್ ಹೆಚ್ಚಾದಷ್ಟೂ ಚಿತ್ರ ತಿಳಿಯಾಗುತ್ತದೆ. ಆಕಾಶ ಮಂಕಾಗಿ ಬಂದರೆ ಒಂದು ನಿಮಿಷ ಸೇರಿಸಿ, ಮುಖಗಳು ಬೆಳ್ಳಗೆ ಮಾಸಿ ಹೋಗಿದ್ದರೆ ಒಂದು ನಿಮಿಷ ಇಳಿಸಿ. ಆಮೇಲೆ ಧಾರಾಳವಾಗಿ ನೀರಿನಲ್ಲಿ ತೊಳೆಯಿರಿ.

ಮೊದಲ ಡೆವಲಪರ್‌ನಲ್ಲಿ ಮೂಡಿದ ನೆಗೆಟಿವ್ ಚಿತ್ರವನ್ನು ಕರಗಿಸುವುದು ಬ್ಲೀಚ್. ಅದಕ್ಕೆ ಹಳೆಯ ಸೂತ್ರ ಡೈಕ್ರೋಮೇಟ್. ಅದು ಕ್ಯಾನ್ಸರ್‌ಕಾರಕ, ಮನೆಯ ಮೋರಿಗೆ ಬಿಡುವಂಥದ್ದಲ್ಲ. ಪೊಟ್ಯಾಸಿಯಂ ಪರ್ಮ್ಯಾಂಗನೇಟ್ ಸಾಕು: ಅರ್ಧ ಲೀಟರ್ ನೀರಿಗೆ 2 ಗ್ರಾಂ. ಇನ್ನರ್ಧ ಲೀಟರ್ ನೀರಿಗೆ 10 ಮಿ.ಲೀ. ಗಟ್ಟಿ ಸಲ್ಫ್ಯೂರಿಕ್ ಆಸಿಡ್. ನೀರಿಗೆ ಆಸಿಡ್ ಹಾಕಬೇಕೇ ಹೊರತು ಆಸಿಡ್‌ಗೆ ನೀರಲ್ಲ. ಕೈಗವಸು, ಕನ್ನಡಕ ಇಲ್ಲದೆ ಮುಟ್ಟಬೇಡಿ. ಬ್ಯಾಟರಿ ಅಂಗಡಿಯಲ್ಲಿ ಸಿಗುವುದು ನೀರು ಬೆರೆಸಿದ ಆಸಿಡ್. ಅದರ ಸಾಂದ್ರತೆ 1.25 ಇದ್ದರೆ 10 ಮಿ.ಲೀ. ಬದಲು ಸುಮಾರು 43 ಮಿ.ಲೀ. ಬೇಕಾಗುತ್ತದೆ. 2013ರ ಸುಪ್ರೀಂ ಕೋರ್ಟ್ ಆದೇಶದ ನಂತರ ಆಸಿಡ್ ಮಾರುವವರು ಗುರುತಿನ ಚೀಟಿ ನೋಡಿ ರಿಜಿಸ್ಟರ್‌ನಲ್ಲಿ ಬರೆದುಕೊಳ್ಳಬೇಕು, ಕಾರ್ಡ್ ತೆಗೆದುಕೊಂಡೇ ಹೋಗಿ. ಟಾಯ್ಲೆಟ್ ತೊಳೆಯುವ ಆಸಿಡ್ ಬೇಡವೇ ಬೇಡ. ಅದು ಹೈಡ್ರೋಕ್ಲೋರಿಕ್, ಪರ್ಮ್ಯಾಂಗನೇಟ್ ಜೊತೆ ಸೇರಿದರೆ ಕ್ಲೋರಿನ್ ವಿಷಾನಿಲ ಬರುತ್ತದೆ.

ಎರಡು ದ್ರಾವಣಗಳನ್ನು ಬಳಸುವ ಕ್ಷಣದಲ್ಲೇ ಬೆರೆಸಿ, ಬೆರೆಸಿದ್ದು ಉಳಿಯುವುದಿಲ್ಲ. 5 ನಿಮಿಷ ಬ್ಲೀಚ್ ಆದ ಮೇಲೆ ಮುಚ್ಚಳ ತೆರೆದು ಲೈಟ್ ಹಾಕಬಹುದು. ಫಿಲ್ಮ್ ಕಂದು ಬಣ್ಣಕ್ಕೆ ತಿರುಗಿರುತ್ತದೆ, ಹೆದರಬೇಡಿ, ಅದು ಮ್ಯಾಂಗನೀಸ್ ಕಲೆ. ಲೀಟರಿಗೆ 25 ಗ್ರಾಂ ಮೆಟಾಬೈಸಲ್ಫೈಟ್ ಹಾಕಿದ ನೀರಿನಲ್ಲಿ ಎರಡು ನಿಮಿಷದಲ್ಲಿ ಬಿಡುತ್ತದೆ. ಹಣ್ಣಿನ ಸ್ಕ್ವಾಷ್ ಕೆಡದಂತೆ ಹಾಕುವ ಕೆ.ಎಂ.ಎಸ್. ಪುಡಿ ಇದೇ. ಮೂಗಿಗೆ ಅಡರುವ ವಾಸನೆ, ಕಿಟಕಿ ತೆರೆದಿರಲಿ.

ಈಗ ಫಿಲ್ಮನ್ನು ಬಕೆಟ್ ನೀರಿಗೆ ಬಿಟ್ಟು, ಬಲ್ಬಿನ ಕೆಳಗೆ ಮೂರು ನಿಮಿಷ ತಿರುವಿ ಹಾಕಿ. ಬ್ಲೀಚ್ ಆಗದೆ ಉಳಿದ ಭಾಗಕ್ಕೆ ಬೆಳಕು ತಾಗಿದರೇ ಎರಡನೇ ಡೆವಲಪರ್‌ನಲ್ಲಿ ಚಿತ್ರ ಮೂಡುವುದು. ಗಂಟುಗಳನ್ನು ಬಿಡಿಸಲು ಸರಿಯಾದ ಹೊತ್ತು ಇದೇ, ಆದರೆ ನೀರಿನೊಳಗೇ ಬಿಡಿಸಿ. ನೆಂದ ಎಮಲ್ಶನ್ (ಚಿತ್ರವಿರುವ ಜೆಲಾಟಿನ್ ಪದರ) ಉಗುರು ತಾಗಿದರೂ ಕಿತ್ತು ಬರುತ್ತದೆ, ಪರದೆಯ ಮೇಲೆ ಅದು ಬಿಳಿ ಗೆರೆ. ಮತ್ತೆ ಅದೇ ಡಿ-19ರಲ್ಲಿ 6 ನಿಮಿಷ, ಚಿತ್ರವನ್ನು ಸ್ಥಿರಗೊಳಿಸುವ ಹೈಪೋದಲ್ಲಿ 5 ನಿಮಿಷ, ಕೊನೆಯ ತೊಳೆತ.

ಕೋಲಾರದಲ್ಲಿ ನಿಜವಾದ ಸಮಸ್ಯೆ ಟ್ಯಾಂಕಿನದಲ್ಲ, ನೀರಿನದು. ಬೋರ್‌ವೆಲ್ ನೀರು ಗಡಸು. ಕಾರ್ಬೊನೇಟ್ ಸೇರಿದ ಕೂಡಲೇ ಡೆವಲಪರ್ ಸುಣ್ಣದ ತಿಳಿಯಂತೆ ಬೆಳ್ಳಗಾಗುತ್ತದೆ. ಸೂಪರ್ 8 ಫ್ರೇಮಿನ ಅಳತೆ ಬರೀ 5.79 × 4.01 ಮಿ.ಮೀ. ಒಣಗುವಾಗ ಉಳಿದ ಒಂದು ಹನಿಯ ಕಲೆ ಸಾಸಿವೆಕಾಳಿನಷ್ಟಿದ್ದರೂ ಪರದೆಯ ಮೇಲೆ ಮನುಷ್ಯನ ತಲೆಯನ್ನೇ ಮುಚ್ಚುತ್ತದೆ. ದ್ರಾವಣಗಳಿಗೂ ಕೊನೆಯ ಎರಡು ತೊಳೆತಕ್ಕೂ ಊರಿನ ಶುದ್ಧ ನೀರಿನ ಘಟಕದ 20 ಲೀಟರ್ ಕ್ಯಾನ್ ಒಂದು ತಂದಿಟ್ಟುಕೊಳ್ಳಿ, ಒಂದು ರೀಲಿಗೆ ಧಾರಾಳ. ನಡುವಿನ ತೊಳೆತಗಳಿಗೆ ಬೋರ್ ನೀರೇ ಸಾಕು.

ಶಾಖದ ಮಾತೂ ಇದೆ. ಪರ್ಮ್ಯಾಂಗನೇಟ್ ಬ್ಲೀಚ್ ಜೆಲಾಟಿನನ್ನು ಮೆತ್ತಗಾಗಿಸುತ್ತದೆ. ಏಪ್ರಿಲ್‌ನಲ್ಲಿ ಬಿಸಿಲಿಗೆ ಕಾದ ಸಿಂಟೆಕ್ಸ್ ಟ್ಯಾಂಕಿನ ನೀರು ಸುರಿದರೆ ಚಿತ್ರ ಫಿಲ್ಮಿನಿಂದ ಹಾಲಿನ ಕೆನೆಯಂತೆ ಜಾರುತ್ತದೆ. ಹಿಂದಿನ ರಾತ್ರಿಯೇ ಮಣ್ಣಿನ ಮಡಕೆಗೆ ನೀರು ತುಂಬಿಟ್ಟರೆ ಕೆಲವು ಡಿಗ್ರಿ ಇಳಿಯುತ್ತದೆ, ಉಳಿದದ್ದನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿದ ಐಸ್‌ನಿಂದ ಇಳಿಸಿ. ತೊಳೆಯುವ ನೀರೂ ಸೇರಿದಂತೆ ಎಲ್ಲವೂ ಎರಡು ಡಿಗ್ರಿ ಅಂತರದೊಳಗೆ ಇರಲಿ. ಡಿಸೆಂಬರ್-ಜನವರಿಯ ಬೆಳಗಿನ ಹೊತ್ತು ಇವಾವುದರ ಗೋಜಿಲ್ಲ, ಮೊದಲ ರೀಲನ್ನು ಆಗಲೇ ತೊಳೆಯಿರಿ.

ಒಣಗಿಸುವುದು ಮನೆಯೊಳಗೆ, ಫ್ಯಾನ್ ಆಫ್ ಮಾಡಿ. ಹಾಲ್‌ನಲ್ಲಿ ಮೂರು ಮೀಟರ್ ಅಂತರಕ್ಕೆ ಎರಡು ಹಗ್ಗ ಕಟ್ಟಿದರೆ ಐದು ಎಳೆಗೆ, ಅಂದರೆ ಎರಡೂವರೆ ಸುತ್ತಿಗೆ, ಮುಗಿಯುತ್ತದೆ. ಹಗ್ಗಕ್ಕೆ ತಾಗುವುದು ಹೊಳೆಯುವ ಬೆನ್ನಿನ ಕಡೆಯೇ ಇರಲಿ, ಮಂಕು ಬದಿ ಮೇಲಿರಲಿ. ಒಣಗುವಾಗ ಫಿಲ್ಮ್ ಕುಗ್ಗುವುದರಿಂದ ಬಿಗಿಯಾಗಿ ಕಟ್ಟಬಾರದು.

ಕಲರ್ ನೆಗೆಟಿವ್‌ಗೆ ಈ ವಿಧಾನವನ್ನು ಶಿಫಾರಸು ಮಾಡಲಾರೆವು. ಬೆನ್ನಿಗೆ ಕಾರ್ಬನ್ನಿನ ರೆಮ್‌ಜೆಟ್ ಲೇಪವಿರುವ ಫಿಲ್ಮನ್ನು ಹೀಗೆ ಗೋಜಲಾಗಿ ತುಂಬಿದರೆ ಆ ಕಪ್ಪು ಬಿಟ್ಟುಬಂದು ಎಮಲ್ಶನ್‌ಗೆ ಮೆತ್ತಿಕೊಳ್ಳುತ್ತದೆ, ಆಮೇಲೆ ಎಷ್ಟು ತೊಳೆದರೂ ಬಿಡದು. ಅಂಥ ರೀಲಿಗೂ, ಒಂದೇ ಒಂದು ತೇಪೆಯೂ ಇರಬಾರದು ಅನ್ನುವ ಕೆಲಸಕ್ಕೂ, 15 ಮೀಟರ್ ಸಿನಿ ಫಿಲ್ಮ್ ಸುತ್ತುವ ಸ್ಪೈರಲ್ ಇರುವ ಟ್ಯಾಂಕನ್ನೇ ಹುಡುಕಿ ಕೊಳ್ಳಿ.