ಹೈವೇ ಜಮೀನಿನ ‘ವಿಚಾರಣೆ’ಗೆ ಹೋಗುವ ಮುಂಚೆ ಇದನ್ನು ಓದಿ

ರಾಷ್ಟ್ರೀಯ ಹೆದ್ದಾರಿಗೆ ಜಮೀನು ಬೇಕು, ವಿಚಾರಣೆಗೆ ಬನ್ನಿ ಅಂತ ನೋಟಿಸ್ ಬಂದಿದೆಯಾ? ಅಲ್ಲಿ ‘ಹಾಜರಾತಿ’ ಅಂತ ಮುಂದಿಡುವ ಹಾಳೆಗೆ ಸುಮ್ನೆ ಸಹಿ ಹಾಕಬೇಡಿ. ದಯವಿಟ್ಟು ಹಾಕಬೇಡಿ.

ನಮ್ಮದು ರಸ್ತೆ ಪಕ್ಕದ ತೆಂಗಿನ ತೋಟ. 1956ರ ಹೆದ್ದಾರಿ ಕಾಯ್ದೆಯಲ್ಲಿ 3ಎ ಅಧಿಸೂಚನೆ, ಅಂದರೆ ಜಮೀನು ತೆಗೆದುಕೊಳ್ಳುತ್ತೇವೆ ಅನ್ನುವ ಸರ್ಕಾರದ ಮೊದಲ ಪ್ರಕಟಣೆ, ಪ್ರಕಟವಾದ ದಿನದಿಂದ 21 ದಿನದೊಳಗೆ ತಕರಾರು ಬರೆದು ಕೊಡಬೇಕು. ನೋಟಿಸ್ ಕೈಗೆ ಸಿಕ್ಕ ದಿನದಿಂದ ಅಲ್ಲ! ನಾವು ಪೇಪರಿನಲ್ಲಿ ನೋಡಿ ಸಮಯಕ್ಕೆ ಕೊಟ್ಟೆವು. ಹೋಗುವ ಭಾಗದಲ್ಲೇ ಬೋರ್‌ವೆಲ್ ಇದೆ, ಎದುರಿಗೆ ಸರ್ಕಾರಿ ಬೀಳು ಖಾಲಿ ಬಿದ್ದಿದೆ, ರಸ್ತೆಯನ್ನು ಸ್ವಲ್ಪ ಅತ್ತ ಸರಿಸಿ ಅಂತ ನಕ್ಷೆ ಸಮೇತ ಬರೆದಿದ್ದೆವು.

ವಿಚಾರಣೆ ದಿನ ಭೂಸ್ವಾಧೀನದ ಸಾಹೇಬರು ಫೋನಿನಲ್ಲಿದ್ದರು. ಗುಮಾಸ್ತ ಹಾಳೆ ತಳ್ಳಿ, “ಯಜಮಾನ್ರೇ, ಬಂದಿದ್ದೀರಿ ಅನ್ನೋದಕ್ಕೆ ಒಂದು ಸಹಿ ಅಷ್ಟೇ” ಅಂದ. ಅಪ್ಪ ಸಹಿ ಹಾಕಿ ನಕ್ಷೆ ಬಿಚ್ಚಿದರು. “ಅದೆಲ್ಲ ಫೈಲಲ್ಲಿದೆ ಬಿಡಿ. ಪಹಣಿ, ಪಾಸ್‌ಬುಕ್ ಜೆರಾಕ್ಸ್ ಕೊಡಿ, ದುಡ್ಡು ಬೇಗ ಬರುತ್ತೆ.” ಮುಗಿಯಿತು. ಇದಕ್ಕೆ ವಿಚಾರಣೆ ಅಂತಾರಂತೆ.

ಆದೇಶದ ನಕಲು ತೆಗೆದು ನೋಡಿದರೆ ಮೈ ಉರಿಯಿತು. “ಭೂಮಾಲೀಕರು ಖುದ್ದು ಹಾಜರಾಗಿ, ಆಕ್ಷೇಪಣೆ ಇಲ್ಲವೆಂದು ತಿಳಿಸಿ, ಸೂಕ್ತ ಪರಿಹಾರ ಕೋರಿರುತ್ತಾರೆ.” ಯಾರು ಕೋರಿದ್ದು? ಅಪ್ಪ ಪರಿಹಾರದ ಮಾತೇ ಎತ್ತಿರಲಿಲ್ಲ! ಪಕ್ಕದ ತೋಟದವರ ಆದೇಶದಲ್ಲೂ ಅದೇ ಸಾಲು. ಸರ್ವೆ ನಂಬರ್ ಮಾತ್ರ ಬೇರೆ.

ಕೇಳಲು ಹೋದರೆ “ಕೆಳಗೆ ನಿಮ್ಮದೇ ಸಹಿ ಇದೆಯಲ್ಲ?” ಹಾಗಾದರೆ ನಮ್ಮ ತಕರಾರು ಅರ್ಜಿ? “ಸಹಿ ಆದ ಮೇಲೆ ಅದ್ಯಾಕೆ?” ಸಾಹೇಬರದ್ದು ಇನ್ನೂ ಚೆನ್ನಾಗಿತ್ತು: “ದೇಶಕ್ಕೆ ರೋಡು ಬೇಡ ಅಂತೀರಾ?” ಬೇಡ ಅಂದವರು ಯಾರು ಸ್ವಾಮಿ? ಸರಿಸಿ ಅಂದಿದ್ದು. ಊರಲ್ಲಿ ಈಗ ‘ದುಡ್ಡಿಗೆ ಒಪ್ಪಿ ಬಂದರು’ ಅಂತ ಮಾತು. ಅಪ್ಪ ಟೀ ಅಂಗಡಿ ಕಡೆ ಹೋಗುವುದನ್ನೇ ಬಿಟ್ಟಿದ್ದಾರೆ.

ಅದೇ ಕಾಯ್ದೆಯ 3ಡಿ, ಅಂದರೆ ಸ್ವಾಧೀನದ ಘೋಷಣೆ, ಪ್ರಕಟವಾದರೆ ಜಮೀನು ಕೇಂದ್ರ ಸರ್ಕಾರದ್ದು. ಆಮೇಲೆ ದರದ ಜಗಳ, ಇಲ್ಲವೇ ಹೈಕೋರ್ಟ್. ಮಾಲೀಕರ ಮಾತು ಕೇಳುವುದು ಆಸ್ತಿ ಹಕ್ಕು ಕಾಯುವ ಸಂವಿಧಾನದ 300ಎ ವಿಧಿಯಲ್ಲೇ ಸೇರಿದೆ, ಅದು ನಾಟಕ ಆಗಬಾರದು ಅಂತ 2024ರಲ್ಲಿ ಸುಪ್ರೀಂ ಕೋರ್ಟ್ ಕೋಲ್ಕತ್ತ ಪಾಲಿಕೆಯ ಕೇಸಿನಲ್ಲಿ ಹೇಳಿದೆ. ನಮ್ಮ ವಕೀಲರು ಅದನ್ನೇ ಹಿಡಿದಿದ್ದಾರೆ.

ನೀವು ತಕರಾರು ಕೊಟ್ಟಾಗ ನಿಮ್ಮ ಪ್ರತಿಗೆ ಸೀಲು, ತಾರೀಖು ಹಾಕಿಸಿಕೊಳ್ಳಿ. ವಕೀಲರನ್ನು ಕರೆದುಕೊಂಡೇ ಹೋಗಿ, ತಕರಾರಿನ ವಿಚಾರಣೆ ಬಗ್ಗೆ ಹೇಳುವ ಅದೇ ಕಾಯ್ದೆಯ 3ಸಿಯಲ್ಲಿ ಅವಕಾಶ ಇದೆ. ಸಹಿ ಹಾಕಲೇಬೇಕು ಅಂದರೆ ಅದರ ಮೇಲೆ ‘ತಕರಾರು ಇದೆ’ ಅಂತ ನಿಮ್ಮ ಕೈಯಲ್ಲೇ ಬರೆದು ಫೋಟೋ ತೆಗೆದುಕೊಳ್ಳಿ. ಫೋಟೋ ತೆಗೆಯಬೇಡಿ ಅಂತ ರೇಗುತ್ತಾರೆ. ರೇಗಲಿ.