ಮರುಸಂಯೋಜಿತ ಮಾನವ ಬಿಎಂಪಿ-2: ಗುಣಮಟ್ಟ ಉತ್ತಮ, ಸಾಗಣೆ ಸುಧಾರಿಸಬೇಕು

ಹಾಸನದ ನಮ್ಮ ಜೀವಕೋಶ ಪ್ರಯೋಗಾಲಯಕ್ಕೆ ಬೆಂಗಳೂರಿನ ವಿತರಕರೊಬ್ಬರಿಂದ ತರಿಸಿಕೊಂಡ, ಮಾನವ ಜೀನನ್ನು ಇ. ಕೋಲಿ ಬ್ಯಾಕ್ಟೀರಿಯಾಕ್ಕೆ ಸೇರಿಸಿ ತಯಾರಿಸಿದ (ಅಂದರೆ ಮರುಸಂಯೋಜಿತ), ಸಂಶೋಧನೆಗೆ ಮಾತ್ರ ಮೀಸಲಾದ ಮೂಳೆ ಬೆಳೆಯಲು ಪ್ರಚೋದಿಸುವ ಪ್ರೋಟೀನ್ ಬಿಎಂಪಿ-2 ನನಗೆ ನಿಜಕ್ಕೂ ತೃಪ್ತಿ ತಂದಿದೆ. ತಲಾ 114 ಅಮೈನೋ ಆಮ್ಲಗಳ ಎರಡು ಸರಪಳಿಗಳು ಡೈಸಲ್ಫೈಡ್ ಬಂಧದಿಂದ (ಗಂಧಕದ ಪರಮಾಣುಗಳ ಕೊಂಡಿಯಿಂದ) ಜೋಡಿಯಾಗಿರುವ ಈ ಪ್ರೋಟೀನು ತಟಸ್ಥ ದ್ರಾವಣದಲ್ಲಿ ಬೇಗ ಗಂಟುಗಟ್ಟುವುದರಿಂದ, ಪುಡಿಯನ್ನು ಮೊದಲು 4 ಮಿಲಿಮೋಲಾರ್ ಸಾಂದ್ರತೆಯ, ಅಂದರೆ ಬಹಳ ತೆಳುವಾದ, ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿ, ಮತ್ತೆ ಮತ್ತೆ ಹೆಪ್ಪುಗಟ್ಟಿಸಿ ಕರಗಿಸಬೇಕಾಗದಂತೆ ಸಣ್ಣ ಪಾಲುಗಳಾಗಿ ಹಂಚಿ ಫ್ರೀಜರಿನಲ್ಲಿಡಬೇಕು. ಜೊತೆಗೆ ಬಂದ ಕೈಪಿಡಿ ಇದನ್ನು ಸ್ಪಷ್ಟವಾಗಿ ತಿಳಿಸಿರುವುದು ಮೆಚ್ಚತಕ್ಕ ವಿಷಯ. ಸಾಮಾನ್ಯವಾಗಿ ಸ್ನಾಯುವಾಗಿ ಬೆಳೆಯುವ ಇಲಿಯ ಸಿ2ಸಿ12 ಕೋಶಗಳಿಗೆ ಸೇರಿಸಿದಾಗ ಅವು ಸ್ನಾಯುವಿನ ಹಾದಿ ಬಿಟ್ಟು ಮೂಳೆಕೋಶದ ಗುಣ ತಳೆದು, ಆ ಬದಲಾವಣೆಯ ಗುರುತಾದ ಆಲ್ಕಲೈನ್ ಫಾಸ್ಫಟೇಸ್ ಕಿಣ್ವವನ್ನು ಚೆನ್ನಾಗಿ ಉತ್ಪಾದಿಸಿದವು. ಬೇಸರವಾದದ್ದು ಸಾಗಣೆಯಲ್ಲಿ: ಪೆಟ್ಟಿಗೆ ಹಾಸನ ತಲುಪುವಷ್ಟರಲ್ಲಿ ಐಸ್ ಪ್ಯಾಕ್ ಪೂರ್ತಿ ಕರಗಿತ್ತು. ಒಣಪುಡಿಯಾದ್ದರಿಂದ ಪ್ರೋಟೀನು ತಾಳಿಕೊಂಡಿತಾದರೂ, ಇಷ್ಟು ದುಬಾರಿ ಸಾಮಗ್ರಿಯನ್ನು ಕಳುಹಿಸುವ ರೀತಿ ಅದಲ್ಲ.