ವೈರ್‌ಗಾರ್ಡ್: ಕೆಟ್ಟರೂ ಕೆಟ್ಟೆ ಅನ್ನದ ವಿಪಿಎನ್

ಮೊದಲು ಬೈದುಬಿಡುತ್ತೇನೆ, ಹೊಗಳೋದು ಆಮೇಲೆ. ವೈರ್‌ಗಾರ್ಡ್ ಅಂದರೆ ವಿಪಿಎನ್, ಬೇರೆ ಬೇರೆ ಊರಿನ ಕಂಪ್ಯೂಟರ್‌ಗಳನ್ನು ಇಂಟರ್ನೆಟ್ ಮೇಲೆಯೇ ಒಂದು ಗುಟ್ಟಿನ ದಾರಿಯಲ್ಲಿ ಜೋಡಿಸುವ ಸಾಫ್ಟ್‌ವೇರ್. ಇದಕ್ಕೆ ಬಾಯಿ ಇಲ್ಲ. ವಿಂಡೋಸ್ ಕಂಪ್ಯೂಟರ್‌ನಲ್ಲಿ ಆನ್ ಮಾಡಿದ ತಕ್ಷಣ ಹಸಿರು ಗುರುತು ಹಾಕಿ 'ಆಕ್ಟಿವ್' ಅನ್ನುತ್ತದೆ. ಆ ಕಡೆ ಆಫೀಸಿನಲ್ಲಿ ಕರೆಂಟ್ ಇಲ್ಲ, ಆಗಲೂ ಆಕ್ಟಿವ್. ಮರ ಬಿದ್ದು ಫೈಬರ್ ತುಂಡಾಗಿದೆ, ಆಗಲೂ ಆಕ್ಟಿವ್. ಎರಡೂ ಕಡೆ ಪರಸ್ಪರ ಗುರುತು ಹಿಡಿಯುವ ಗುಟ್ಟಿನ ಸಾಲು, ಅಂದರೆ ಕೀ, ತಪ್ಪು ಹಾಕಿದರೂ ಅದೇ ಹಸಿರು. 'ಕನೆಕ್ಟ್ ಆಗಲಿಲ್ಲ ಮಾರಾಯ' ಅಂತ ಒಂದು ಸಾಲು ತೋರಿಸಿದರೆ ಇದರ ಗಂಟೇನು ಹೋಗುತ್ತಿತ್ತೋ.

ನಮ್ಮದು ಅಡಿಕೆ ಮಂಡಿ. ಮುಖ್ಯ ಆಫೀಸು ಶಿವಮೊಗ್ಗದಲ್ಲಿ, ಬ್ರಾಂಚ್ ಸಾಗರದಲ್ಲಿ. ಮಧ್ಯೆ 70 ಚಿಲ್ಲರೆ ಕಿಲೋಮೀಟರ್. ನಾನು ಲೆಕ್ಕ ಬರೆಯುವವನು. ಆದರೆ ಸಣ್ಣ ಆಫೀಸುಗಳ ಕಥೆ ಗೊತ್ತಲ್ಲ, ಪ್ರಿಂಟರ್‌ನಲ್ಲಿ ಪೇಪರ್ ಸಿಕ್ಕಿಹಾಕಿಕೊಂಡರೂ ನನ್ನನ್ನೇ ಕರೆಯುತ್ತಾರೆ. ಮೊದಲೆಲ್ಲ ಸಾಗರದ ಲೆಕ್ಕ ಪೆನ್‌ಡ್ರೈವ್‌ನಲ್ಲಿ ಸಂಜೆ ಬಸ್ಸಿಗೆ ಬರುತ್ತಿತ್ತು. ಡ್ರೈವರ್ ಕೈಯಲ್ಲಿ ಕೊಟ್ಟು ಕಳಿಸೋದು, ನಾವು ಸ್ಟ್ಯಾಂಡಿಗೆ ಹೋಗಿ ಇಸ್ಕೊಳ್ಳೋದು. ಆಮೇಲೆ ಸ್ವಲ್ಪ ಕಾಲ ಶಿವಮೊಗ್ಗದ ಕಂಪ್ಯೂಟರ್‌ನ ರಿಮೋಟ್ ಡೆಸ್ಕ್‌ಟಾಪ್ (ದೂರದಿಂದಲೇ ಅದರ ಪರದೆ ತೆರೆದು ಕೆಲಸ ಮಾಡುವ ಸೌಲಭ್ಯ) ಅನ್ನು ನೇರವಾಗಿ ಇಂಟರ್ನೆಟ್‌ಗೆ ತೆರೆದಿಟ್ಟು ಕೆಲಸ ನಡೆಸಿದೆವು. ಆ ಕಥೆ ಮುಂದೆ ಹೇಳುತ್ತೇನೆ. ಕೊನೆಗೆ ನಮ್ಮ ಯಜಮಾನರ ಅಕ್ಕನ ಮಗ, ಬೆಂಗಳೂರಿನಲ್ಲಿ ನೆಟ್‌ವರ್ಕ್ ಕೆಲಸ ಮಾಡುವ ಹುಡುಗ, ಹಬ್ಬಕ್ಕೆ ಬಂದವನು ವೈರ್‌ಗಾರ್ಡ್ ಹಾಕಿಕೊಟ್ಟು ಹೋದ. ಎರಡೂ ಕಡೆ ಅಂಗೈ ಅಗಲದ ಒಂದೊಂದು ಕಂಪ್ಯೂಟರ್ ಬೋರ್ಡ್ ಇಟ್ಟು ಅದರಲ್ಲಿ ಟನಲ್, ಅಂದರೆ ಆ ಗುಟ್ಟಿನ ದಾರಿ, ಓಡಿಸಿದ. ಸಾಫ್ಟ್‌ವೇರ್ ಪೂರ್ತಿ ಫ್ರೀ. ಯಜಮಾನರಿಗೆ ಇಷ್ಟವಾಗಿದ್ದು ಮೊದಲು ಅದೇ.

ಒಂದು ಖರ್ಚು ಮಾತ್ರ ತಪ್ಪಲಿಲ್ಲ. ಶಿವಮೊಗ್ಗದ ಫೈಬರ್ ಲೈನಿಗೆ ನಮ್ಮದೇ ಅನ್ನುವ ಐಪಿ ಅಡ್ರೆಸ್, ಅಂದರೆ ಇಂಟರ್ನೆಟ್‌ನ ಡೋರ್ ನಂಬರ್, ಇರಲಿಲ್ಲ. ರೌಟರ್ ಪೇಜ್ ತೆಗೆದು ವ್ಯಾನ್ ಐಪಿ, ಅಂದರೆ ಹೊರಗಿನ ಇಂಟರ್ನೆಟ್ ಕಡೆಯ ನಂಬರ್, ನೋಡಿ. ಅದು 100.64ರಿಂದ 100.127ರ ಒಳಗೆ ಶುರುವಾಗಿದ್ದರೆ ನಿಮ್ಮನ್ನೂ ನೂರಾರು ಜನರ ಜೊತೆ ಒಂದೇ ಅಡ್ರೆಸ್ ಹಿಂದೆ ಕೂರಿಸಿದ್ದಾರೆ ಅಂತ ಅರ್ಥ. ಹೊರಗಿನಿಂದ ಯಾರೂ ನಿಮ್ಮ ಬಾಗಿಲು ತಟ್ಟೋಕೆ ಆಗಲ್ಲ. ಕಸ್ಟಮರ್ ಕೇರ್‌ನವರಿಗೆ ಇದನ್ನು ಅರ್ಥ ಮಾಡಿಸುವುದರಲ್ಲೇ ಒಂದು ವಾರ ಹೋಯಿತು. ಕೊನೆಗೆ ವರ್ಷಕ್ಕೆ ಎರಡು ಸಾವಿರದ ಆಸುಪಾಸು ಜಾಸ್ತಿ ಕಟ್ಟಿ ನಮ್ಮದೇ ಆದ, ಬದಲಾಗದ ಸ್ಟ್ಯಾಟಿಕ್ ಐಪಿ ತಗೊಂಡೆವು. ಒಂದು ಕಡೆ ಇದ್ದರೆ ಸಾಕು. ಸಾಗರದ ಕಡೆಗೆ ಬೇಕಾಗಲಿಲ್ಲ, ಯಾಕೆಂದರೆ ಮೊದಲು ಕರೆಯೋದು ಯಾವಾಗಲೂ ಸಾಗರವೇ.

ಇನ್ನೊಂದು ಸಣ್ಣ ತಾಪತ್ರಯ. ಎರಡೂ ಕಡೆ ರೌಟರ್ 192.168.1.1 ಅಂತಲೇ ಬಂದಿತ್ತು. ಒಂದೇ ಬೀದಿಯಲ್ಲಿ ಎರಡು ಮನೆಗೆ ಒಂದೇ ಡೋರ್ ನಂಬರ್ ಇದ್ದ ಹಾಗೆ, ಶಿವಮೊಗ್ಗದ ಪ್ರಿಂಟರ್‌ಗೆ ಹೋಗಬೇಕಾದ ಬಿಲ್ ಸಾಗರದಲ್ಲೇ ಸುತ್ತುತ್ತಿತ್ತು. ಶಿವಮೊಗ್ಗಕ್ಕೆ 192.168.10, ಸಾಗರಕ್ಕೆ 192.168.20 ಅಂತ ಬದಲಾಯಿಸಿದ ಮೇಲೆ ಸರಿಹೋಯಿತು. ಈ 192.168, 10, 172.16ರ ಗುಂಪುಗಳನ್ನು ಖಾಸಗಿ ನೆಟ್‌ವರ್ಕ್‌ಗಳಿಗೆ ಅಂತಲೇ 1990ರ ದಶಕದಲ್ಲೇ ಎತ್ತಿಟ್ಟಿದ್ದಾರೆ. ಅಷ್ಟೆಲ್ಲ ನಂಬರ್ ಇರುವಾಗ ಎಲ್ಲರಿಗೂ 1.1 ಯಾಕೆ ಕೊಡುತ್ತಾರೋ ದೇವರೇ ಬಲ್ಲ.

ಈಗ ಬೈಗುಳದ ಮುಖ್ಯ ಭಾಗಕ್ಕೆ ಬರುತ್ತೇನೆ. ಮೊದಲ ಮಳೆಗಾಲ. ಸಾಗರದಲ್ಲಿ ಜುಲೈ ಅಂದರೆ ಕರೆಂಟ್ ಬರೋದೇ ಸುದ್ದಿ, ಹೋಗೋದಲ್ಲ. ಕರೆಂಟ್ ಹೋಗಿ ಬಂದ ಮೇಲೆ ರೌಟರ್ ಏಳುತ್ತದೆ, ಬೋರ್ಡಿನ ಲೈಟೂ ಮಿನುಗುತ್ತದೆ, ಫೈಬರ್ ಲೈಟ್ ಹಸಿರು. ಆದರೆ ಟನಲ್ ಇಲ್ಲ. ಇಪ್ಪತ್ತು ನಿಮಿಷವೋ ಮುಕ್ಕಾಲು ಗಂಟೆಯೋ ಆದ ಮೇಲೆ ತಾನಾಗಿಯೇ ಸರಿಹೋಗುತ್ತದೆ. ನಾವೆಲ್ಲ ಲೈನಿನ ಕಾಟ ಅಂದುಕೊಂಡೆವು. ಲೈನ್‌ಮನ್ ಬಂದು ನೋಡುವ ಹೊತ್ತಿಗೆ ಎಲ್ಲ ಸರಿ ಇರುತ್ತಿತ್ತು. ಅವನು ನಮ್ಮನ್ನು ಒಂಥರಾ ನೋಡಿ ಹೋಗುತ್ತಿದ್ದ.

ಒಂದು ದಿನ ಸಾಗರದಲ್ಲಿ ಲಾರಿ ಲೋಡಾಗಿ ನಿಂತಿದೆ. ರಾಶಿ ಅಡಿಕೆ, ದೊಡ್ಡ ಬಿಲ್ಲು, ಸರಕು ಸಾಗಿಸೋಕೆ ಸರ್ಕಾರದ ಪೋರ್ಟಲ್‌ನಿಂದ ತೆಗೆಯುವ ಇ-ವೇ ಬಿಲ್ ಇಲ್ಲದೆ ಗೇಟು ದಾಟೋ ಹಾಗಿಲ್ಲ. ಆ ಬೆಂಗಳೂರಿನ ಹುಡುಗ ಸಾಗರದ ಕಂಪ್ಯೂಟರ್‌ಗಳ ಅಷ್ಟೂ ಇಂಟರ್ನೆಟ್ಟನ್ನು ಟನಲ್ ಮೂಲಕವೇ ಶಿವಮೊಗ್ಗಕ್ಕೆ ತಂದು ಅಲ್ಲಿಂದ ಹೊರಗೆ ಬಿಡುವ ಹಾಗೆ ಮಾಡಿದ್ದ. ಟನಲ್ ಇಲ್ಲ ಅಂದರೆ ಆಫೀಸಿನ ಲೆಕ್ಕವೂ ಇಲ್ಲ, ಸರ್ಕಾರದ ಪೋರ್ಟಲ್ಲೂ ಇಲ್ಲ, ಬ್ಯಾಂಕೂ ಇಲ್ಲ. ಸಾಗರದ ಬ್ರಾಂಚಿನ ಅಕ್ಕ ಫೋನಿನಲ್ಲಿ, 'ಇಲ್ಲಿ ಆಕ್ಟಿವ್ ಅಂತಲೇ ತೋರಿಸ್ತಾ ಇದೆ ಮಾರಾಯ್ರೆ, ಏನ್ ಮಾಡ್ಲಿ?' ಅಂತಾರೆ. ಹಿಂದೆ ಲಾರಿಯವನ ಹಾರ್ನ್ ಕೇಳಿಸುತ್ತಿದೆ. ಕೊನೆಗೆ ಅವರ ಮೊಬೈಲ್ ಹಾಟ್‌ಸ್ಪಾಟ್‌ಗೆ ಲ್ಯಾಪ್‌ಟಾಪ್ ಸಿಕ್ಕಿಸಿ ಇ-ವೇ ಬಿಲ್ ತೆಗೆದು ಲಾರಿ ಬಿಟ್ಟಿದ್ದಾಯಿತು.

ಅವತ್ತು ಸಂಜೆ ಬೆಂಗಳೂರಿನ ಹುಡುಗ ಫೋನಿನಲ್ಲೇ ಅಕ್ಕನ ಕೈಯಲ್ಲಿ ಬೋರ್ಡಿಗೆ ಲಾಗಿನ್ ಮಾಡಿಸಿ, 'ಡೇಟ್ ಅಂತ ಟೈಪ್ ಮಾಡಿ, ಟೈಮ್ ಎಷ್ಟು ತೋರಿಸುತ್ತೆ ನೋಡಿ' ಅಂದ. ಬೋರ್ಡ್ ಬೆಳಿಗ್ಗೆಯ ಟೈಮ್ ತೋರಿಸುತ್ತಿತ್ತು. ಕರೆಂಟ್ ಹೋಗುವುದಕ್ಕೂ ಮುಂಚಿನ ಟೈಮ್!

ವಿಷಯ ಏನೆಂದರೆ, ಇಂಥ ಅಗ್ಗದ ಬೋರ್ಡ್‌ಗಳಲ್ಲಿ ಬ್ಯಾಟರಿ ಶೆಲ್ ಹಾಕಿದ ಗಡಿಯಾರ ಇರುವುದಿಲ್ಲ. ಗಂಟೆಗೊಮ್ಮೆ ಟೈಮನ್ನು ಮೆಮೊರಿ ಕಾರ್ಡಿನಲ್ಲಿ ಬರೆದಿಟ್ಟುಕೊಂಡು, ಕರೆಂಟ್ ಬಂದಾಗ ಅಲ್ಲಿಂದಲೇ ಶುರುಮಾಡುತ್ತವೆ. ಇತ್ತ ವೈರ್‌ಗಾರ್ಡ್ ಪ್ರತಿ ಹ್ಯಾಂಡ್‌ಶೇಕ್‌ನಲ್ಲೂ, ಅಂದರೆ ಎರಡೂ ಕಡೆ ಗುರುತು ಹಿಡಿದು ಕೈಕುಲುಕುವಾಗಲೆಲ್ಲ, ಟೈಮ್ ಸೇರಿಸಿ ಕಳಿಸುತ್ತದೆ. ಹಳೆಯ ಹ್ಯಾಂಡ್‌ಶೇಕ್ ಅನ್ನು ಯಾರಾದರೂ ಕದ್ದು ಮತ್ತೆ ಕಳಿಸಿದರೆ ಒಪ್ಪಬಾರದು ಅಂತ ಈ ಏರ್ಪಾಡು. ಶಿವಮೊಗ್ಗದ ಕಡೆ ಕೊನೆಯ ಟೈಮ್ ನೆನಪಿಟ್ಟುಕೊಂಡಿರುತ್ತದೆ. ಅದಕ್ಕಿಂತ ಹಿಂದಿನ ಟೈಮ್ ಬಂದರೆ ಎಸೆದುಬಿಡುತ್ತದೆ. ಬಾಯಿ ಬಿಟ್ಟು ಹೇಳೋದಿಲ್ಲ. ಸಾಗರದ ಬೋರ್ಡ್ ಸರಿಯಾದ ಟೈಮನ್ನು ಇಂಟರ್ನೆಟ್‌ನಿಂದ ಕೇಳಿ ತಿಳಿಯಬಹುದಿತ್ತು. ಆದರೆ ಇಂಟರ್ನೆಟ್ ಇರುವುದೇ ಟನಲ್ ಒಳಗೆ! ಟೈಮ್ ಸರಿಯಾಗದೆ ಟನಲ್ ಇಲ್ಲ, ಟನಲ್ ಇಲ್ಲದೆ ಟೈಮ್ ಇಲ್ಲ. ಬೋರ್ಡಿನ ಗಡಿಯಾರ ನಿಧಾನಕ್ಕೆ ನಡೆದು, ಕರೆಂಟ್ ಹೋದ ಹೊತ್ತನ್ನು ದಾಟುವವರೆಗೆ ಕಾಯಬೇಕು. ಅದಕ್ಕೇ ಮುಕ್ಕಾಲು ಗಂಟೆಗೆ ತಾನಾಗಿಯೇ ಸರಿಹೋಗುತ್ತಿದ್ದದ್ದು. ಪಾಪ, ಲೈನ್‌ಮನ್‌ನ ಎಷ್ಟು ಬೈದಿದ್ದೆವೋ.

ಪರಿಹಾರ ಎರಡು. ಶೆಲ್ ಇರುವ ಸಣ್ಣ ಗಡಿಯಾರದ ಮಾಡ್ಯೂಲ್ ತರಿಸಿ ಬೋರ್ಡಿಗೆ ಸಿಕ್ಕಿಸಿದೆವು. ಕೆಲವು ನೂರು ರೂಪಾಯಿ, ಅಷ್ಟೇ. ಎರಡನೆಯದು ಇನ್ನೂ ಮುಖ್ಯ. ಟನಲ್ ಮೂಲಕ ಏನೇನು ಹೋಗಬೇಕು ಅಂತ ಹೇಳುವ 'ಅಲೋಡ್ ಐಪೀಸ್' ಅನ್ನುವ ಸಾಲಿನಲ್ಲಿ 0.0.0.0/0, ಅಂದರೆ ಎಲ್ಲವೂ, ಅಂತ ಇದ್ದದ್ದನ್ನು ತೆಗೆದು ಶಿವಮೊಗ್ಗದ 192.168.10.0/24 ಮತ್ತು ಟನಲ್‌ನ ಸ್ವಂತ ನಂಬರ್ ಮಾತ್ರ ಬರೆದೆವು. ಈಗ ಲೆಕ್ಕ, ಪ್ರಿಂಟರ್, ಇಂಟರ್‌ಕಾಮ್ ಟನಲ್‌ನಲ್ಲಿ. ಇ-ವೇ ಬಿಲ್, ಬ್ಯಾಂಕ್, ವಾಟ್ಸಾಪ್ ಎಲ್ಲ ಸಾಗರದಿಂದಲೇ ಸೀದಾ ಹೊರಗೆ. ಬ್ರಾಂಚ್ ಇರುವ ಯಾರೇ ಕೇಳಿದರೂ ನಾನು ಮೊದಲು ಹೇಳೋದು ಇದನ್ನೇ: ಮನೆಮಾತು ಒಳಗಿನ ದಾರಿಯಲ್ಲಿ, ಊರಮಾತು ಹೊರಗಿನ ದಾರಿಯಲ್ಲಿ. ಎರಡನ್ನೂ ಒಂದೇ ಪೈಪಿಗೆ ತುರುಕಬೇಡಿ.

ಅಷ್ಟಾದ ಮೇಲೂ ನನ್ನ ಸಿಟ್ಟು ಇಳಿದಿರಲಿಲ್ಲ. 'ಬೇಡ ಅಂದ್ರೆ ಬೇಡ ಅನ್ಲಿ, ಸುಮ್ನೆ ಯಾಕೆ ಕೂರುತ್ತೆ?' ಅಂತ ಹುಡುಗನನ್ನು ಕೇಳಿದೆ. ಅವನು, 'ಅಣ್ಣ, ನಿಮ್ಮ ಹಳೇ ರಿಮೋಟ್ ಡೆಸ್ಕ್‌ಟಾಪ್ ಲಾಗ್ ತೆಗೆದು ನೋಡಿ' ಅಂದ. ಈವೆಂಟ್ ವ್ಯೂವರ್ ತೆಗೆದು 4625 ಅನ್ನುವ ನಂಬರ್ ಹುಡುಕಲು ಹೇಳಿದ. ಲಾಗಿನ್ ತಪ್ಪಾದಾಗ ವಿಂಡೋಸ್ ಬರೆದಿಡುವ ನಂಬರ್ ಅದು. ಪೇಜು ಇಳಿಸಿದಷ್ಟೂ ಮುಗಿಯಲಿಲ್ಲ. ಅಡ್ಮಿನ್, ಅಡ್ಮಿನಿಸ್ಟ್ರೇಟರ್, ಟೆಸ್ಟ್, ಸ್ಕ್ಯಾನರ್ ಅಂತ ಸಿಕ್ಕಿದ ಹೆಸರಿನಲ್ಲೆಲ್ಲ ಲಾಗಿನ್ ಪ್ರಯತ್ನ. ಇಡೀ ರಾತ್ರಿ ಯಾವುದೋ ದೇಶದಿಂದ ಯಾವುದೋ ಯಂತ್ರ ನಮ್ಮ ಮಂಡಿಯ ಕಂಪ್ಯೂಟರ್‌ನ ಬಾಗಿಲು ಅಲ್ಲಾಡಿಸುತ್ತಾ ಕೂತಿತ್ತು. ರಿಮೋಟ್ ಡೆಸ್ಕ್‌ಟಾಪ್‌ನ ಬಾಗಿಲಾದ 3389 ಅನ್ನುವ ಪೋರ್ಟ್ ತೆರೆದಿಟ್ಟವರೆಲ್ಲರ ಗತಿಯೂ ಇದೇ. 2019ರಲ್ಲಿ ಬ್ಲೂಕೀಪ್ ಅನ್ನುವ ತೂತು ಹೊರಬಿದ್ದಾಗ, ಹಳೆಯ ವಿಂಡೋಸ್‌ಗಳಲ್ಲಿ ಪಾಸ್‌ವರ್ಡ್ ಕೂಡ ಇಲ್ಲದೆ ಇದೇ ದಾರಿಯಿಂದ ಒಳಗೆ ನುಗ್ಗಬಹುದು ಅಂತ ಗೊತ್ತಾಗಿತ್ತು. ರೈತರ ಬಾಕಿ, ಮುಂಗಡ, ಎಲ್ಲ ಆ ಒಂದು ಕಂಪ್ಯೂಟರ್‌ನಲ್ಲಿದೆ. ಓದಿ ಬೆವರು ಬಂತು.

ವೈರ್‌ಗಾರ್ಡ್ ಮೂಕ ಆಗಿರೋದು ಇದಕ್ಕೇ. ಸರಿಯಾದ ಕೀ ಇಲ್ಲದೆ ಬಂದವರಿಗೆ ಅದು ಉತ್ತರವನ್ನೇ ಕೊಡುವುದಿಲ್ಲ. 'ನೀನು ಬೇಡ' ಅಂತಲೂ ಹೇಳುವುದಿಲ್ಲ, ಯಾಕೆಂದರೆ ಹಾಗಂದರೆ ಒಳಗೆ ಯಾರೋ ಇದ್ದಾರೆ ಅಂತ ಗೊತ್ತಾಗುತ್ತದಲ್ಲ! ಹೊರಗಿನಿಂದ ತಡಕಿ ನೋಡಿದವನಿಗೆ ಅಲ್ಲಿ ಏನೂ ಇಲ್ಲ ಅನ್ನಿಸುತ್ತದೆ. ಇದನ್ನು ಬರೆದದ್ದು ಜೇಸನ್ ಡೊನೆನ್‌ಫೆಲ್ಡ್. ಮೂಲ ಕೋಡ್ ಸುಮಾರು 4,000 ಸಾಲು. ಇದೇ ಕೆಲಸದ ಹಳೆಯ ಸಾಫ್ಟ್‌ವೇರ್‌ಗಳದ್ದು ಇದರ ಎಷ್ಟೋ ಪಟ್ಟು. ಲಿನಕ್ಸ್ ಆಪರೇಟಿಂಗ್ ಸಿಸ್ಟಂ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ 2018ರಲ್ಲೇ ಇದನ್ನು ಕಲಾಕೃತಿ ಅಂತ ಹೊಗಳಿದ್ದರು. ಯಾರನ್ನೂ ಸುಲಭಕ್ಕೆ ಹೊಗಳುವ ಮನುಷ್ಯ ಅಲ್ಲ ಅವರು. 2020ರ ಮಾರ್ಚ್‌ನಲ್ಲಿ ಲಿನಕ್ಸ್ 5.6ರ ಒಳಗೇ ಸೇರಿತು. ಲೋಕವೆಲ್ಲ ಮನೆಯಿಂದ ಕೆಲಸ ಅಂತ ಶುರುಮಾಡಿದ್ದೂ ಅದೇ ತಿಂಗಳು, ಅಲ್ವಾ.

ಆವತ್ತಿನಿಂದ ನನ್ನ ಬೈಗುಳ ಸ್ವಲ್ಪ ಮೆತ್ತಗಾಗಿದೆ.

ಈಗ ದಿನದ ಕ್ರಮ ಹೀಗೆ. ಬೆಳಿಗ್ಗೆ ದೇವರಿಗೆ ಊದಿನಕಡ್ಡಿ ಹಚ್ಚಿ, ಕಾಫಿ ಬರುವ ಮೊದಲು ವೈರ್‌ಗಾರ್ಡ್ ತೆಗೆದು 'ಲೇಟೆಸ್ಟ್ ಹ್ಯಾಂಡ್‌ಶೇಕ್' ಅನ್ನುವ ಸಾಲು ನೋಡುತ್ತೇನೆ. ಹಸಿರು ಗುರುತು ನೋಡಲೇಬೇಡಿ, ಅದು ಶೋಕಿಗೆ. ಈ ಸಾಲೇ ನಿಜ. ಎರಡು ನಿಮಿಷಕ್ಕೊಮ್ಮೆ ಎರಡೂ ಕಡೆಯವರು ಹೊಸದಾಗಿ ಕೈಕುಲುಕುತ್ತಾರೆ. ಹಾಗಾಗಿ '1 ನಿಮಿಷ 12 ಸೆಕೆಂಡ್ ಹಿಂದೆ' ಅಂತಿದ್ದರೆ ಸಾಗರ ಬದುಕಿದೆ. ಮೂರು ನಿಮಿಷ ದಾಟಿದರೆ ಏನೋ ಎಡವಟ್ಟಾಗಿದೆ. ಸಾಗರದ ಕಡೆ 'ಪರ್ಸಿಸ್ಟೆಂಟ್ ಕೀಪ್‌ಅಲೈವ್' 25 ಅಂತ ಹಾಕಿರಬೇಕು. ಆಗ 25 ಸೆಕೆಂಡಿಗೊಮ್ಮೆ ಅದು ಸುಮ್ನೆ ಒಂದು ಸದ್ದು ಮಾಡುತ್ತದೆ. ಇಲ್ಲದಿದ್ದರೆ ಮಧ್ಯದ ರೌಟರ್‌ಗಳು ದಾರಿ ಮುಚ್ಚಿಬಿಡುತ್ತವೆ, ಶಿವಮೊಗ್ಗದಿಂದ ಕರೆದರೆ ಸಾಗರಕ್ಕೆ ಕೇಳಿಸುವುದಿಲ್ಲ.

ಲೆಕ್ಕದ ವಿಷಯಕ್ಕೆ ಒಂದು ಎಚ್ಚರಿಕೆ. ಟ್ಯಾಲಿ ಡೇಟಾ ಫೋಲ್ಡರ್ ಶೇರ್ ಮಾಡಿ ಟನಲ್ ಮೂಲಕ ಸಾಗರದಿಂದ ತೆರೆಯೋಕೆ ಹೋಗಬೇಡಿ. ಒಂದು ವೋಚರ್ ತೆರೆಯುವಷ್ಟರಲ್ಲಿ ಕಾಫಿ ಆರಿಹೋಗುತ್ತದೆ. ಇದು ಟ್ಯಾಲಿಯ ತಪ್ಪಲ್ಲ, ಟನಲ್‌ನದ್ದೂ ಅಲ್ಲ. ಫೈಲ್ ಶೇರ್ ಅಂದರೆ ಚಿಕ್ಕಚಿಕ್ಕ ಪ್ರಶ್ನೆ ನೂರಾರು ಸಲ ಹೋಗಿಬರಬೇಕು, ದೂರ ಇದ್ದಷ್ಟೂ ಪ್ರತಿ ಸಲ ಸ್ವಲ್ಪ ತಡ. ಶಿವಮೊಗ್ಗದಲ್ಲೇ ಸಾಗರದವರಿಗೆ ಅಂತ ಒಂದು ಕಂಪ್ಯೂಟರ್ ಇಟ್ಟು, ಟನಲ್ ಒಳಗಿನಿಂದ ಅದರ ರಿಮೋಟ್ ಡೆಸ್ಕ್‌ಟಾಪ್ ತೆರೆದರೆ ಬೆಣ್ಣೆ ಹಾಗೆ ಓಡುತ್ತದೆ. ವಿಂಡೋಸ್ ಪ್ರೊ ಬೇಕು, ಹೋಮ್‌ನಲ್ಲಿ ಆಗಲ್ಲ. ಒಂದು ಸಲಕ್ಕೆ ಒಬ್ಬರೇ.

ನಾನು ನಿರೀಕ್ಷೆಯೇ ಮಾಡದ ಸುಖ ಅಂದರೆ ಪ್ರಿಂಟರ್ ಮತ್ತು ಇಂಟರ್‌ಕಾಮ್. ಎರಡೂ ಕಡೆ ಒಂದೊಂದು ಐಪಿ ಫೋನ್ ಇಟ್ಟಿದ್ದೇವೆ, ಅದೂ ಟನಲ್‌ನಲ್ಲೇ. 21 ಒತ್ತಿದರೆ ಸಾಗರ. ಮೊಬೈಲ್ ಟವರ್ ಇಲ್ಲದ ದಿನವೂ ಫೈಬರ್ ಇದ್ದರೆ ಮಾತು. ಟೆಂಡರ್ ಮುಗಿದು ರೇಟು ಬಂದ ಕೂಡಲೇ ನಾನು ಇಲ್ಲಿಂದ ರೈತರ ಪಟ್ಟಿ ಪ್ರಿಂಟ್ ಕೊಡುತ್ತೇನೆ, ಸಾಗರದ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್‌ನಲ್ಲಿ ಬರುತ್ತದೆ. ಇಂಟರ್‌ಕಾಮ್ ಕಿವಿಗೆ ಹಿಡಿದಿದ್ದರೆ ಕರ್ರ್ ಕರ್ರ್ ಅನ್ನುವ ಸದ್ದು ಇಲ್ಲಿಗೇ ಕೇಳಿಸುತ್ತದೆ. ಆಮೇಲೆ ಅಕ್ಕ ಪೇಪರ್ ಹರಿಯುವ ಸದ್ದು. 'ಬಂತು, ಬೆಟ್ಟೆ ಅಡಿಕೆ ಎರಡು ಚೀಲ ಬಿಟ್ಟುಹೋಗಿದೆ ನೋಡಿ' ಅಂತಾರೆ. ಮೊದಲು ಇದನ್ನೇ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸುತ್ತಿದ್ದೆವು. ಒಬ್ಬ ರೈತರ ಬಾಕಿ ಲೆಕ್ಕ ಒಮ್ಮೆ ಬಂಧುಗಳ ಮದುವೆ ಗ್ರೂಪಿಗೆ ಹೋಗಿ ರಂಪವಾಗಿತ್ತು. ಯಾರು ಕಳಿಸಿದ್ದು ಅಂತ ಹೇಳಲ್ಲ. ರೇಟು ಎಲ್ಲರಿಗೂ ತಿಳಿಯಬೇಕಾದ್ದು, ಅದು ಈಗಲೂ ವಾಟ್ಸಾಪ್‌ನಲ್ಲೇ ಹೋಗುತ್ತದೆ. ಬಾಕಿ ಮಾತ್ರ ಟನಲ್ ಬಿಟ್ಟು ಆಚೆ ಬರುವುದಿಲ್ಲ.

ಕೀಗಳ ಬಗ್ಗೆಯೂ ಒಂದು ಮಾತು. ಟನಲ್‌ಗೆ ಸೇರುವ ಒಂದೊಂದು ಕಂಪ್ಯೂಟರ್‌ಗೂ ಫೋನಿಗೂ ಒಂದೊಂದು ಕೀ. ಫೈಲಿನಲ್ಲಿ ಹೆಸರು ಇರುವುದಿಲ್ಲ, ಅರ್ಥವಿಲ್ಲದ 44 ಅಕ್ಷರದ ಸಾಲು ಮಾತ್ರ. ಯಾವುದು ಯಾರದ್ದು ಅಂತ ನೀವೇ ಪಕ್ಕದಲ್ಲಿ ಬರೆದಿಟ್ಟುಕೊಳ್ಳಬೇಕು. ಕೆಲಸ ಬಿಟ್ಟು ಹೋದವರ ಸಾಲನ್ನು ಅವತ್ತೇ ಅಳಿಸಿ. ಪಾಸ್‌ವರ್ಡ್ ಬದಲಾಯಿಸುವ ಗೋಜು ಇಲ್ಲ, ಬೇರೆ ಯಾರಿಗೂ ತೊಂದರೆಯೂ ಇಲ್ಲ. ನೂರಾರು ಜನ ಇರುವ ಆಫೀಸಿಗೆ ಈ ಕೈಬರಹದ ಪದ್ಧತಿ ಸಾಲದು. ನಮ್ಮಂಥ ಹತ್ತು ಜನರ ಮಂಡಿಗೆ ಧಾರಾಳ. ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕು. ಆ ಒಂದು ಕಳೆದದ್ದು ಎಲ್ಲಿ ಅಂತ ಹೇಳಬೇಕಿಲ್ಲ.

ಮಾತಾಡದ್ದಕ್ಕೆ ಹುಡುಗ ಕೊನೆಗೊಂದು ಉಪಾಯ ಮಾಡಿಕೊಟ್ಟ. ಶಿವಮೊಗ್ಗದ ಬೋರ್ಡ್ ಐದು ನಿಮಿಷಕ್ಕೊಮ್ಮೆ ಹ್ಯಾಂಡ್‌ಶೇಕ್ ಟೈಮ್ ನೋಡುತ್ತದೆ. ಹಳೆಯದಾಗಿದ್ದರೆ ಟೆಲಿಗ್ರಾಂನಲ್ಲಿ 'ಸಾಗರ ಇಲ್ಲ' ಅಂತ ಮೆಸೇಜ್ ಹಾಕುತ್ತದೆ. ಚೆನ್ನಾಗಿದೆ. ಆದರೆ ಯಜಮಾನರು ತಮ್ಮ ಫೋನಿಗೂ ಆ ಮೆಸೇಜ್ ಬೇಕು ಅಂತ ಹಾಕಿಸಿಕೊಂಡಿದ್ದಾರೆ. ಈಗ ಬೆಳಗಿನ ಜಾವ ಸಾಗರದಲ್ಲಿ ಕರೆಂಟ್ ಹೋದರೆ ಐದು ನಿಮಿಷಕ್ಕೆ ನನಗೆ ಫೋನು. ಅವರ ಹೆಸರನ್ನು ಆ ಪಟ್ಟಿಯಿಂದ ಉಪಾಯವಾಗಿ ತೆಗೆಸುವ ದಾರಿ ಗೊತ್ತಿದ್ದವರು ಕೆಳಗೆ ಬರೆಯಿರಿ.